ಪಾಲಿಶ್ ಬ್ಯಾಡ್ರಿ, ಗ್ಲಾಸ್ ಅಷ್ಟ ಹಾಕ್ರಿ

ರೋಣ, ನರಗುಂದ, ಗಜೇಂದ್ರಗಡದ ಕಡೆ ದುಬಾರಿ ವಾಚು ಯಾವುದು ಅಂತ ಕೇಳಿದರೆ ಉತ್ತರ ವಯಸ್ಸಿಗೆ ತಕ್ಕಂತೆ ಬದಲಾಗುತ್ತದೆ. ಎಪ್ಪತ್ತು ದಾಟಿದ ನಿವೃತ್ತ ಮಾಸ್ತರರಿಗೆ ಅದು ಎಚ್‌ಎಂಟಿ. ಮದುವೆಯಲ್ಲಿ ಮಾವನವರು ಕೈಗೆ ಕಟ್ಟಿದ್ದು. ಅಡತಿ ಅಂಗಡಿ, ಗುತ್ತಿಗೆ ಕೆಲಸದಲ್ಲಿ ನಾಲ್ಕು ಕಾಸು ಕಂಡ ಐವತ್ತರ ಆಸುಪಾಸಿನವರಿಗೆ ರಾಡೊ. ಬೆಂಗಳೂರಲ್ಲೋ ದುಬೈನಲ್ಲೋ ದುಡಿಯುವ ಅವರ ಮಗ ನಾಗರಪಂಚಮಿಗೆ ಊರಿಗೆ ಬಂದರೆ ಮುಂಗೈಯಲ್ಲಿ ಟಿಸ್ಸೊ, ಒಮೆಗಾ, ಟ್ಯೂಡರ್. ಮೂವರ ವಾಚಿಗೂ ಗೀರು ಬೀಳುತ್ತದೆ. ತಲೆಬಾಗಿಲ ಚೌಕಟ್ಟು, ಬೈಕಿನ ಹ್ಯಾಂಡಲ್, ಜೋಕಾಲಿಯ ಕಬ್ಬಿಣದ ಕೊಂಡಿ, ಯಾವುದಕ್ಕಾದರೂ ತಾಗುತ್ತದೆ. ತಾಗಿದ ಮೇಲೆ ಮುದುಕರು ಸುಮ್ಮನಿರುತ್ತಾರೆ, ನಡುವಯಸ್ಸಿನವರು ಮುಚ್ಚಿಡುತ್ತಾರೆ, ಹುಡುಗರು ಪಾಲಿಶ್ ಮಾಡಿಸಲು ಓಡುತ್ತಾರೆ. ಆ ಓಟ ನಷ್ಟದ ಬಾಬತ್ತು ಎಂಬುದು ನನ್ನ ವಾದ. ಮುದುಕರು ಸುಮ್ಮನಿರುವುದರಲ್ಲಿ ಲೋಹದ ಲೆಕ್ಕಾಚಾರವಿದೆ, ಅವರು ಹಾಗಂತ ಹೇಳಿಕೊಳ್ಳದಿದ್ದರೂ.

ಈ ಊರುಗಳಲ್ಲಿ ವಾಚು ರಿಪೇರಿ ಅಂದರೆ ಅಂಗಡಿಯಲ್ಲ, ಅಂಗಡಿಯ ಮೂಲೆ. ಬಟ್ಟೆ ಅಂಗಡಿಯ ಕಟ್ಟೆಯ ಮೇಲೋ ಮೊಬೈಲ್ ಅಂಗಡಿಯ ಬದಿಗೋ ಒಂದು ಗಾಜಿನ ಪೆಟ್ಟಿಗೆ. ಒಳಗೆ ಬೆಲ್ಟು, ಚೈನು, ಸೆಲ್ಲು. ಹಿಂದೆ ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಚಿಮುಟ ಹಿಡಿದ ಮನುಷ್ಯ. ಸೆಲ್ಲು ಬದಲಿಸುವುದೇ ಈಗ ಮುಖ್ಯ ಆದಾಯ. ಚಾವಿ ಕೊಡುವ ವಾಚು ಅಪರೂಪಕ್ಕೆ ಬರುತ್ತದೆ. ಗಜೇಂದ್ರಗಡದಲ್ಲಿ ಹಾಗೆ ಕೂತ ಹಿರಿಯರೊಬ್ಬರ ಮುಂದೆ ಹುಡುಗನೊಬ್ಬ ಸ್ಟೀಲಿನ ವಾಚು ಇಟ್ಟ. “ಚಾಚಾ, ಈ ಗೀರು ಅಷ್ಟ ತಗದ ಕೊಡ್ರಿ.” ಚಾಚಾ ವಾಚನ್ನು ಬೆಳಕಿಗೆ ಓರೆ ಹಿಡಿದು ನೋಡಿದರು. ಹೆಬ್ಬೆರಳ ಉಗುರನ್ನು ಗೀರಿಗೆ ಅಡ್ಡಲಾಗಿ ಎಳೆದರು. ಉಗುರು ಸಣ್ಣಗೆ ಸಿಕ್ಕಿಕೊಂಡಿತು. “ಗೀರು ತಗಿಯಾಕ ಬರಂಗಿಲ್ಲ ತಮ್ಮಾ. ಗೀರು ಅಂದ್ರ ತಗ್ಗು. ತಗ್ಗು ತಗದು ಎಲ್ಲಿ ಇಡ್ಲಿ? ಸುತ್ತಲಿಂದೆಲ್ಲಾ ಕೆರದು ತಗ್ಗಿನ ಮಟ್ಟಕ್ಕ ಇಳಸಬೇಕು. ನಿನ್ನ ವಾಚು ಸಣ್ಣದಾಕ್ಕತಿ. ನಡೀತೈತೇನು?”

ಪಾಲಿಶ್ ಬಗ್ಗೆ ಇದಕ್ಕಿಂತ ಚೊಕ್ಕ ವಿವರಣೆ ನಾನು ಕೇಳಿಲ್ಲ. ಸ್ಟೀಲಿನ ಮೇಲೆ ಗೀರು ಬಿದ್ದಾಗ ಬಹುಪಾಲು ಲೋಹ ಎಲ್ಲಿಗೂ ಹೋಗುವುದಿಲ್ಲ. ಎರೆಹೊಲದಲ್ಲಿ ರಂಟೆ ಹೊಡೆದಾಗ ಮಣ್ಣು ಸಾಲಿನ ಎರಡೂ ಬದಿಗೆ ಏರಿ ಕೂರುವಂತೆ, ಲೋಹ ಪಕ್ಕಕ್ಕೆ ಸರಿದು ಏರಿ ಆಗುತ್ತದೆ. ಕಣ್ಣಿಗೆ ಕುಕ್ಕುವುದು ತಗ್ಗಿಗಿಂತ ಆ ಏರಿಯೇ. ಬೆಳಕನ್ನು ಅಡ್ಡಾದಿಡ್ಡಿ ಚದುರಿಸುವುದು ಅದು. ಕೆಲವು ತಿಂಗಳು ಅಂಗಿಯ ತೋಳಿಗೆ, ಚರ್ಮಕ್ಕೆ ಉಜ್ಜಿ ಉಜ್ಜಿ ಏರಿಯ ಚೂಪು ಮಡಿಯುತ್ತದೆ, ಗೀರು ತಾನಾಗಿ ಮಂಕಾಗುತ್ತದೆ. ಹೊಸ ವಾಚಿನ ಮೊದಲ ಗೀರು ಹೊಟ್ಟೆ ಉರಿಸಿದಷ್ಟು ಹತ್ತನೆಯದು ಉರಿಸುವುದಿಲ್ಲ ಎನ್ನುವುದಕ್ಕೆ ಮನಸ್ಸಿನ ಕಾರಣ ಒಂದಾದರೆ, ಇದು ಇನ್ನೊಂದು. ಪಾಲಿಶ್ ಚಕ್ರಕ್ಕೆ ಕೊಟ್ಟರೆ ಮಾತ್ರ ಲೋಹ ನಿಜವಾಗಿ ಹೋಗುತ್ತದೆ. ಪುಡಿಯಾಗಿ ಬಟ್ಟೆಗೆ ಹತ್ತಿ, ಗಾಳಿಗೆ ಹಾರಿ ಹೋಗುತ್ತದೆ.

ಇದು ಪತ್ತಾರರಿಗೆ ತಲೆತಲಾಂತರದಿಂದ ಗೊತ್ತು. ಅವರ ಅಂಗಡಿಯ ಕಸ ಪುಕ್ಕಟೆ ಯಾರಿಗೂ ಸಿಗುವುದಿಲ್ಲ. ಅದನ್ನು ದುಡ್ಡು ಕೊಟ್ಟು ಒಯ್ದು ತೊಳೆದು ಬಂಗಾರ ತೆಗೆಯುವವರಿದ್ದಾರೆ. ಗದಗದ ಕಪ್ಪತಗುಡ್ಡದ ಹಳ್ಳಗಳ ಮರಳು ತೊಳೆದು ಚಿನ್ನದ ಕಣ ಹೆಕ್ಕುತ್ತಿದ್ದ ಜಾಲಗಾರರ ವಿಷಯ ಬ್ರಿಟಿಷರ ಕಾಲದ ಧಾರವಾಡ ಗೆಜೆಟಿಯರ್‌ನಲ್ಲೇ ಬಂದಿದೆ. ಬಂಗಾರದ ಬಳೆಗೆ ಪ್ರತಿ ಹಬ್ಬಕ್ಕೂ ಪಾಲಿಶ್ ಹಾಕಿಸಿದರೆ ತೂಕ ಇಳಿಯುತ್ತದೆ ಎಂದು ನಮ್ಮ ಮನೆಯ ಹೆಂಗಸರಿಗೆ ಯಾರೂ ಪಾಠ ಹೇಳಬೇಕಿಲ್ಲ. ಅದೇ ಮನೆಯ ಗಂಡಸು ಲಕ್ಷ ರೂಪಾಯಿಯ ವಾಚನ್ನು ಅದೇ ಪತ್ತಾರನ ಚಕ್ರಕ್ಕೆ ಕೊಟ್ಟು, ಹೊಳೆಯುತ್ತ ಬಂದಿತೆಂದು ಹಿಗ್ಗುತ್ತಾನೆ. ತೂಗಿ ನೋಡುವ ಪದ್ಧತಿ ವಾಚಿಗೆ ಇಲ್ಲವಲ್ಲ, ಅದಕ್ಕೆ.

ಮುದುಕರ ವಾಚಿಗೆ ಬರೋಣ, ಯಾಕೆಂದರೆ ಪಾಲಿಶ್ ಬೇಡವೆಂಬ ಈ ಕಡೆಯ ನಿಯಮ ಹುಟ್ಟಿದ್ದೇ ಅದರಿಂದ.

ಹಿತ್ತಾಳೆ ಕಂಡರೆ ಮುಗೀತು

ಹಿಂದೂಸ್ತಾನ್ ಮಷಿನ್ ಟೂಲ್ಸ್ 1953ರಲ್ಲಿ ಬೆಂಗಳೂರಲ್ಲಿ ಶುರುವಾದದ್ದು ಯಂತ್ರ ಮಾಡುವ ಯಂತ್ರಗಳಿಗಾಗಿ. ಕೈಗಡಿಯಾರಕ್ಕೆ ಇಳಿದದ್ದು 1961ರಲ್ಲಿ, ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ. ಮೊದಲ ಕಂತಿನ ವಾಚುಗಳನ್ನು ಬಿಡುಗಡೆ ಮಾಡಿದವರು ಜವಾಹರಲಾಲ್ ನೆಹರೂ. ಜನತಾ, ಪೈಲಟ್, ಸೋನಾ, ಕೊಹಿನೂರ್ ಎಂದು ಹೆಸರು ಬೆಳೆಯುತ್ತ ಹೋದವು. ಆಮೇಲೆ ಬಂದ ಕಾಂಚನವಂತೂ ವರದಕ್ಷಿಣೆಯ ಮಾತುಕತೆಯಲ್ಲಿ ಹೆಸರು ಹಿಡಿದೇ ಕೇಳಿಸಿಕೊಂಡ ವಾಚು. ಅಂಗಡಿಯ ಬೆಲೆಗೆ ಸಿಗದೆ ಕಾಳಸಂತೆಯಲ್ಲಿ ಹೆಚ್ಚು ಕೊಟ್ಟು ತಂದವರಿದ್ದಾರೆ. ತುಮಕೂರಿನಲ್ಲೂ ಕಾರ್ಖಾನೆ ಎದ್ದಿತು. ರೋಣದ ಕಡೆಯ ಹಳ್ಳಿಯಲ್ಲಿ ಹೆಸರು, ಕಡಲೆ ಮಾರಿದ ದುಡ್ಡಿನಲ್ಲಿ ಅಳಿಯನಿಗೆ ಒಂದು ವಾಚು ಕೊಡಿಸುವುದೆಂದರೆ ಆ ಮನೆಯ ವರ್ಷದ ಲೆಕ್ಕದಲ್ಲಿ ಎದ್ದು ಕಾಣುವ ಖರ್ಚು. ಸ್ವಿಸ್ ವಾಚಿನ ಬೆಲೆಯೊಂದಿಗೆ ತಾಳೆ ಹಾಕಿ ಜನತಾ ಬಡವರ ವಾಚು ಎನ್ನುವವರು ಆ ಲೆಕ್ಕ ನೋಡಿಲ್ಲ.

ಆ ವಾಚಿನ ಮೈ ಹೇಗಿತ್ತು? ಜನತಾದಂಥ ಮಾದರಿಗಳಲ್ಲಿ ಕೇಸು ಹಿತ್ತಾಳೆಯದು, ಮೇಲೆ ಕ್ರೋಮ್ ಲೇಪನ. ಹಿಂದಿನ ಮುಚ್ಚಳ ಮಾತ್ರ ಸ್ಟೀಲು. ಅಲಂಕಾರದ ಕ್ರೋಮ್ ಲೇಪನ ಸಾಮಾನ್ಯವಾಗಿ ಒಂದು ಮೈಕ್ರಾನಿಗಿಂತ ತೆಳು, ಅದರ ಕೆಳಗೆ ಕೆಲವೇ ಮೈಕ್ರಾನಿನ ನಿಕ್ಕಲ್. ತಲೆಗೂದಲ ದಪ್ಪದ ಹತ್ತಿರಕ್ಕೂ ಬಾರದ ಈ ಪೊರೆಯೇ ಆ ವಾಚಿನ ಬೆಳ್ಳಿಯಂಥ ಹೊಳಪು. ಕ್ರೋಮ್ ಗಟ್ಟಿ, ಬೇಗ ಗೀರು ಹಿಡಿಯುವುದಿಲ್ಲ. ಆದರೆ ಬೆವರಿಗೆ ಸೋಲುತ್ತದೆ. ಬೆಲ್ಟು ಸಿಕ್ಕಿಸುವ ನಾಲ್ಕು ಕೊಂಬಿನ ಒಳಮೈ, ಚಾವಿಯ ಸುತ್ತಲಿನ ಜಾಗ, ಚರ್ಮಕ್ಕೆ ತಾಗುವ ಅಂಚು, ಇಲ್ಲೆಲ್ಲ ಮೊದಲು ಸಣ್ಣ ಗುಳ್ಳೆ ಏಳುತ್ತದೆ, ಆಮೇಲೆ ಹಳದಿ ಇಣುಕುತ್ತದೆ, ಹಳದಿಯ ಮೇಲೆ ಹಸಿರು ಕಿಲುಬು ಕೂರುತ್ತದೆ. ಹೊಲದಲ್ಲಿ ದುಡಿದವನ ಎಚ್‌ಎಂಟಿ ತಿರುವಿ ನೋಡಿದರೆ ಅವನ ಬೆವರು ಯಾವ ಕಡೆ ಇಳಿಯುತ್ತಿತ್ತು ಎಂದು ಹೇಳಬಹುದು.

ಇಂಥದ್ದನ್ನು ಹೊಳಪಿಸಲು ಚಕ್ರಕ್ಕೆ ಹಿಡಿದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಉಳಿದ ಕ್ರೋಮೂ ಹೋಗಿ ಇಡೀ ಕೇಸು ಹಿತ್ತಾಳೆಯಾಗುತ್ತದೆ. ಆಗ ಕೆಲವರು ಬಂಗಾರದ ಬಣ್ಣ ಬಂತೆಂದು ಖುಷಿಪಟ್ಟದ್ದೂ ಉಂಟು, ಹದಿನೈದು ದಿನ. ಆಮೇಲೆ ಕಪ್ಪು. ಹಾಗಾಗಿ ಹಳೆಯ ರಿಪೇರಿಯವರು ಒಂದು ಗೆರೆ ಎಳೆದುಕೊಂಡರು: ಕೇಸಿಗೆ ಕೈ ಹಚ್ಚುವಂತಿಲ್ಲ. ಮಷಿನು ಹೊರಗೆ ತೆಗೆದು, ಖಾಲಿ ಕೇಸನ್ನು ಪೆಟ್ರೋಲಿನಲ್ಲೋ ಸೋಪಿನ ನೀರಿನಲ್ಲೋ ಬ್ರಷ್ ಹಾಕಿ ತೊಳೆದು, ಒರೆಸಿ, ಗ್ಲಾಸು ಹೊಸದು ಕೂರಿಸುವುದು. ಗಿರಾಕಿಗೆ ವಾಚು ಹೊಸದಾದಂತೆಯೇ ಕಾಣುತ್ತದೆ. ನಾವು ವಾಚಿನ ಮುಖ ನೋಡುವುದು ಗ್ಲಾಸಿನ ಮೂಲಕ. ಗ್ಲಾಸಿನ ಮಬ್ಬು ಹೋದರೆ ಮೈಯ ಗೀರು ಅರ್ಧ ಮರೆತುಹೋಗುತ್ತದೆ. ಇಷ್ಟು ಸರಳ ಕಣ್ಕಟ್ಟಿಗೆ ಇಂದಿನ ಸರ್ವಿಸ್ ಸೆಂಟರುಗಳು ಯಾಕೆ ಮೊದಲು ಕೈ ಹಾಕುವುದಿಲ್ಲವೋ.

ಆ ಗ್ಲಾಸು ಗಾಜಲ್ಲ, ಅಕ್ರಿಲಿಕ್. ಮೆತ್ತಗಿನದು, ಬಾಗಿಲ ಚಿಲಕ ತಾಗಿದರೂ ಗೀರು. ಆದರೆ ಅಷ್ಟೇ ಸುಲಭವಾಗಿ ಹೋಗುವುದೂ ಅದರ ಗೀರೇ. ಬಿಳಿ ಟೂತ್‌ಪೇಸ್ಟನ್ನು ಕಡಲೆಕಾಳಿನಷ್ಟು ತೆಗೆದುಕೊಂಡು, ಒದ್ದೆ ಹತ್ತಿ ಬಟ್ಟೆಯಲ್ಲಿ ಸುತ್ತು ಸುತ್ತಾಗಿ ತಿಕ್ಕಿದರೆ ಕೂದಲೆಳೆಯ ಗೀರೆಲ್ಲ ಮಾಯ. ಪೇಸ್ಟಿನಲ್ಲಿರುವ ಸಣ್ಣ ಉಜ್ಜುವ ಕಣಗಳೇ ಇಲ್ಲಿ ಪಾಲಿಶ್ ಪುಡಿ. ಖಾರದ, ಬಣ್ಣ ಬಣ್ಣದ ಜೆಲ್ ಪೇಸ್ಟಿನಿಂದ ಈ ಕೆಲಸ ಅಷ್ಟು ಆಗುವುದಿಲ್ಲ. ತಿಕ್ಕುವಾಗ ಕೇಸಿನ ಅಂಚಿಗೆ ಟೇಪು ಅಂಟಿಸಿಕೊಳ್ಳಬೇಕು, ಚಾವಿಯ ಕಡೆ ನೀರು ಹೋಗಬಾರದು. ಇದೇ ಉಪಾಯವನ್ನು ಹೊಸ ವಾಚುಗಳ ಗಾಜಿನ ಮೇಲೆ ಮಾಡಿದರೆ ಏನೂ ಆಗುವುದಿಲ್ಲ, ಬಾಯಿಗಿಡಬೇಕಾದ ಪೇಸ್ಟು ಹಾಳು.

ಮುಚ್ಚಿಡುವವರು

ಗೀರಿಗೆ ಹೆದರುವವರ ಇನ್ನೊಂದು ದಾರಿ ಪ್ಲಾಸ್ಟಿಕ್ ಹಾಳೆ. ಅಂಗಡಿಯಿಂದ ಬರುವಾಗ ಗ್ಲಾಸಿನ ಮೇಲೆ, ಚೈನಿನ ಕೊಂಡಿಯ ಮೇಲೆ, ಹಿಂದಿನ ಮುಚ್ಚಳದ ಮೇಲೆ ಅಂಟಿಸಿದ ತೆಳು ಪೊರೆಯನ್ನು ನಮ್ಮವರು ಕೀಳುವುದಿಲ್ಲ. ವರ್ಷ ಎರಡು ವರ್ಷ ಹಾಗೇ ಇರುತ್ತದೆ. ನರಗುಂದದ ಮದುವೆಯೊಂದರಲ್ಲಿ ಬೀಗರ ಕೈಯ ಬಂಗಾರದ ಬಣ್ಣದ ವಾಚನ್ನು ಹತ್ತಿರದಿಂದ ನೋಡಿದೆ. ಕೊಂಡಿಯ ಮೇಲಿನ ಪೊರೆಯ ಅಂಚು ಹಳದಿ ತಿರುಗಿ ಮೇಲೆದ್ದಿತ್ತು, ಅದರ ಕೆಳಗೆ ಕರಿ ಗೆರೆಯಂತೆ ಎರೆಮಣ್ಣಿನ ಹುಡಿ, ಅರಿಶಿನದ ಒಂದು ಚುಕ್ಕೆ, ಸಣ್ಣ ಮರಳ ಕಣಗಳು. ಗೀರು ಬೀಳದಿರಲಿ ಎಂದು ಬಿಟ್ಟ ಹಾಳೆಯೇ ಮರಳನ್ನು ಹಿಡಿದು ಲೋಹಕ್ಕೆ ಒತ್ತಿ ಕೂತಿತ್ತು. ಬೆವರು ಒಳಗೆ ಸಿಕ್ಕಿಕೊಂಡು ಬಂಗಾರದ ಲೇಪನವನ್ನು ಮೊದಲು ತಿನ್ನುವುದೂ ಅಲ್ಲಿಯೇ. ಹೇಳಿದರೆ ಬೀಗರಿಗೆ ಬೇಸರ. ಹೇಳಲಿಲ್ಲ.

ಖಂಡೇಪೂಜೆಯ ದಿನ ಕೊಡಲಿ, ಕುಡಗೋಲು, ಟ್ರ್ಯಾಕ್ಟರಿನ ಸಾಲಿನಲ್ಲಿ ವಾಚಿಗೂ ಕುಂಕುಮ ಹಚ್ಚುವ ಮನೆಗಳಿವೆ. ಕುಂಕುಮದಿಂದ ಗೀರು ಬೀಳುವುದಿಲ್ಲ. ಮರುದಿನ ಒಣ ಬಟ್ಟೆಯಲ್ಲಿ ಒತ್ತಿ ಒರೆಸುವಾಗ ಬೀಳುತ್ತದೆ, ಮೊದಲೇ ಕೂತ ಧೂಳಿನಿಂದ. ನೀರು ತಡೆಯುವ ವಾಚಾದರೆ ಮೊದಲು ತೊಳೆದು ಆಮೇಲೆ ಒರೆಸಬೇಕು. ಹಳೆಯ ಎಚ್‌ಎಂಟಿಯನ್ನು ತೊಳೆಯುವಂತಿಲ್ಲ, ಊದಿ ಧೂಳು ಹಾರಿಸುವುದಷ್ಟೇ.

ಧೂಳಿನ ವಿಷಯ ಸ್ವಲ್ಪ ನಿಂತು ನೋಡಬೇಕಾದ್ದು. ವಾಚಿಗೆ ಸಾಮಾನ್ಯವಾಗಿ ಬಳಸುವ 316ಎಲ್ ಸ್ಟೀಲಿನ ಗಡಸುತನ ವಿಕರ್ಸ್ ಅಳತೆಯಲ್ಲಿ ಸುಮಾರು 150ರಿಂದ 200. ಮರಳಿನ ಕಣ, ಅಂದರೆ ಬೆಣಚು, ಅದಕ್ಕಿಂತ ಹಲವು ಪಟ್ಟು ಗಡಸು. ಮೋಸ್ ಮಾಪನದಲ್ಲಿ ಬೆಣಚಿಗೆ 7. ಸಾದಾ ಗಾಜು, ಸ್ಟೀಲು ಅದರ ಕೆಳಗೆ. ನೀಲಮಣಿಯ ಗಾಜಿಗೆ 9, ವಜ್ರಕ್ಕೆ 10. ಗಜೇಂದ್ರಗಡದ ಗುಡ್ಡಗಳು ಮರಳುಗಲ್ಲಿನವು. ಕಾಲಕಾಲೇಶ್ವರದ ಮೆಟ್ಟಿಲ ಬದಿಯ ಬಂಡೆಗೆ ಕೈ ಒರಗಿಸಿದರೆ ಅಂಗೈಗೆ ಹತ್ತಿಕೊಳ್ಳುವ ಸಣ್ಣ ಹರಳುಗಳೆಲ್ಲ ಬೆಣಚೇ. ಅದೇ ಕೈಯನ್ನು ವಾಚಿನ ಮೇಲೆ ಆಡಿಸಿದರೆ ಕೂದಲೆಳೆಯ ಗೀರುಗಳ ಒಂದು ಹೊಸ ಕಂತು. ಗಾಳಿಯಂತ್ರದ ರೆಕ್ಕೆ ನಿಲ್ಲಿಸಿದ ಗುಡ್ಡವೆಂದರೆ ಅಲ್ಲಿ ಗಾಳಿ ಎಷ್ಟೆಂದು ಬೇರೆ ಹೇಳಬೇಕಿಲ್ಲ. ಎರೆಮಣ್ಣಿನ ಹುಡಿ ಬಹುಪಾಲು ಜೇಡಿ, ಮೆತ್ತಗೆ; ಅಂಟುತ್ತದೆ, ಕೊಯ್ಯುವುದು ಕಡಿಮೆ. ಮಸಾರಿಯ ಕಡೆಯ ಮರಳು ಕೊಯ್ಯುತ್ತದೆ. ಸ್ವಿಸ್ ಕಣಿವೆಯಲ್ಲಿ ಕೂತು ಹೊಳಪು ಕೊಟ್ಟವನಿಗೆ ಈ ಎರಡು ಮಣ್ಣಿನ ಭೇದ ಗೊತ್ತಿರಬೇಕಿಲ್ಲ, ಕಟ್ಟಿಕೊಂಡವನಿಗೆ ಗೊತ್ತಿದ್ದರೆ ಒಳ್ಳೆಯದು.

ಬೆಣಚು ಸೋಲುವುದು ನೀಲಮಣಿಯ ಗಾಜಿನ ಮುಂದೆ. ಈಗಿನ ದುಬಾರಿ ವಾಚುಗಳ ಮೇಲಿರುವುದು ಪ್ರಯೋಗಶಾಲೆಯಲ್ಲಿ ಬೆಳೆಸಿದ ಅದೇ ಹರಳು. ಸಾಣೆಕಲ್ಲಿನ ಪುಡಿಯೂ ಅದೇ ಜಾತಿಯದು. ಆದರೂ ಕೆಲವರು “ನನ್ನ ಸಫೈರಿಗೂ ಗೀರು ಬಿತ್ತು” ಎಂದು ತೋರಿಸುತ್ತಾರೆ. ಬಹಳ ಸಲ ಗೀರು ಬಿದ್ದಿರುವುದು ಹರಳಿಗಲ್ಲ, ಬೆಳಕು ಪ್ರತಿಫಲಿಸದಿರಲೆಂದು ಅದರ ಹೊರಮೈಗೆ ಬಳಿದ ತೆಳು ಲೇಪನಕ್ಕೆ.

ಗೀರೇ ಬೀಳದ ವಾಚು ಬೇಕೆಂಬ ಆಸೆಯ ಮೇಲೆ ಕಟ್ಟಿದ ಸಾಮ್ರಾಜ್ಯ ರಾಡೊದ್ದು. 1962ರ ಡಯಾಸ್ಟಾರ್‌ಗೆ ಟಂಗ್‌ಸ್ಟನ್ ಕಾರ್ಬೈಡಿನ ಗಟ್ಟಿ ಕವಚ, ಮೇಲೆ ನೀಲಮಣಿ ಗಾಜು. 1986ರ ಇಂಟೆಗ್ರಲ್‌ನಿಂದ ಪಿಂಗಾಣಿಯ ಜಾತಿಯ ಸೆರಾಮಿಕ್ಕೂ ಬಂತು. ನಮ್ಮ ಕಡೆ ಅಡತಿ ಅಂಗಡಿಯ ಗಾದಿಯ ಮೇಲೆ ಕೂತವರ ಕೈಯಲ್ಲಿ ರಾಡೊ ಇಷ್ಟು ನೆಲೆಯಾಗಲು ಕಾರಣ ಇದೇ ಇರಬೇಕು: ಇಪ್ಪತ್ತು ವರ್ಷವಾದರೂ ಮುಖ ನಿನ್ನೆ ತಂದಂತೆ. ಆದರೆ ಗಡಸಾದದ್ದು ಬಾಗುವುದಿಲ್ಲ, ಒಡೆಯುತ್ತದೆ. ಸ್ಟೀಲಿನ ವಾಚು ಪರಸಿಯ ಮೇಲೆ ಬಿದ್ದರೆ ನೆಗ್ಗು. ಸೆರಾಮಿಕ್ ಬಿದ್ದರೆ ಚಕ್ಕೆ ಏಳಬಹುದು, ಸೀಳಬಹುದು. ಚಕ್ಕೆ ಎದ್ದದ್ದಕ್ಕೆ ಪಾಲಿಶ್ ಇಲ್ಲ, ಬಿಡಿಭಾಗ ಬದಲಿಸಬೇಕು, ಅದು ಬರುವುದು ಹುಬ್ಬಳ್ಳಿಯನ್ನೂ ದಾಟಿ ಎಲ್ಲಿಂದಲೋ. ಹಳೆಯ ಬಂಗಾರದ ಬಣ್ಣದ ರಾಡೊಗಳಲ್ಲಿ ಇನ್ನೊಂದು ವಿಚಿತ್ರ ಕಾಣುತ್ತದೆ. ನಡುವಿನ ಗಟ್ಟಿ ಕವಚ ಕನ್ನಡಿ, ಚೈನಿನ ಕೊಂಡಿಯ ಲೇಪನ ಮಾತ್ರ ಸವೆದು ಬೆಳ್ಳಗೆ. ಮುಖಕ್ಕೂ ಕೈಗೂ ವಯಸ್ಸಿನ ಹೊಂದಾಣಿಕೆಯೇ ಇಲ್ಲ.

ವಾಚಿನ ಮಾತು ಬಂದ ಮೇಲೆ 2016 ಬಿಟ್ಟರೆ ಓದುಗರು ಬೈಯುತ್ತಾರೆ. ಆ ವರ್ಷ ಜನವರಿಯಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಮರುತಿಂಗಳೇ ಎಚ್.ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿ ಸಿದ್ದರಾಮಯ್ಯನವರ ಕೈಯಲ್ಲಿದ್ದ ಹ್ಯೂಬ್ಲೊ ವಾಚಿನ ಬೆಲೆ ಎತ್ತಿದರು. ಅದು ಸ್ನೇಹಿತರು ಕೊಟ್ಟ ಉಡುಗೊರೆ ಎಂದ ಸಿದ್ದರಾಮಯ್ಯನವರು ಮಾರ್ಚ್‌ನಲ್ಲಿ ಸ್ಪೀಕರ್ ಕಾಗೋಡು ತಿಮ್ಮಪ್ಪನವರಿಗೆ ಒಪ್ಪಿಸಿ ಸರ್ಕಾರದ ಆಸ್ತಿ ಮಾಡಿದರು. ಕನ್ನಡಿಗರು ಕೈಗಡಿಯಾರದ ಬಗ್ಗೆ ಇಷ್ಟು ಮಾತಾಡಿದ ಇನ್ನೊಂದು ಕಾಲ ನೆನಪಿಲ್ಲ. ಬೆಲೆಯ ಮಾತೇ ಎಲ್ಲ. ಸ್ವಂತ ಕಾರ್ಖಾನೆಗೆ ಬೀಗ ಬಿದ್ದದ್ದರ ಮೇಲೆ ಅದರ ಕಾಲು ಭಾಗ ಚರ್ಚೆಯೂ ಆಗಲಿಲ್ಲ ಎನ್ನುವುದು ನನ್ನ ಹಳೆಯ ಕೊರಗು. ತುಮಕೂರಿನ ಕಾರ್ಖಾನೆಯ ಜಾಗ ಈಗ ಇಸ್ರೊದ್ದು.

ಅಂಚು ಹೋದ ಮೇಲೆ

ಪಾಲಿಶ್ ಬೇಡ ಎನ್ನುವುದಕ್ಕೆ ಲೋಹ ಸವೆಯುವುದಷ್ಟೇ ಕಾರಣವಲ್ಲ. ಆಕಾರ ಕೆಡುತ್ತದೆ. ದುಬಾರಿ ವಾಚಿನ ಬೆಲೆಯಲ್ಲಿ ದೊಡ್ಡ ಪಾಲು ಹೋಗುವುದೇ ಅದರ ಮೈಕೆಲಸಕ್ಕೆ: ಒಂದು ಮುಖ ಗೆರೆಗೆರೆಯಾಗಿ ಬ್ರಷ್ ಮಾಡಿದ್ದು, ಪಕ್ಕದ ಮುಖ ಕನ್ನಡಿ, ನಡುವೆ ಕತ್ತಿಯಂಥ ಗೆರೆ. 1972ರಲ್ಲಿ ಬಂದ, ಜೆರಾಲ್ಡ್ ಜೆಂಟಾ ರೂಪಿಸಿದ ಓಡಮಾರ್ ಪಿಗೆಯ ರಾಯಲ್ ಓಕ್ ಸ್ಟೀಲಿನ ವಾಚಾಗಿಯೂ ಬಂಗಾರದ ಬೆಲೆ ಕೇಳಿದ್ದು ಇಂಥ ಮೈಕೆಲಸದ ಬಲದ ಮೇಲೆ. 1967ರ 44ಜಿಎಸ್ ಮಾದರಿಯಲ್ಲಿ ಸೀಕೊದವರು ತಿರುಗುವ ಚಪ್ಪಟೆ ಲೋಹದ ತಟ್ಟೆಗೆ ಕೇಸನ್ನು ಒತ್ತಿ ಹಿಡಿದು ಅಲೆಯಿಲ್ಲದ ಕನ್ನಡಿ ಮಾಡಿದರು. ಜರಾಟ್ಸು ಅನ್ನುತ್ತಾರೆ ಅದಕ್ಕೆ. ಗುಟ್ಟು ಇರುವುದು ಆ ತಟ್ಟೆಯ ಚಪ್ಪಟೆತನದಲ್ಲಿ. ನಮ್ಮ ಅಂಗಡಿಗಳ ಪಾಲಿಶ್ ಚಕ್ರ ಬಟ್ಟೆಯದು. ಬಟ್ಟೆ ಮೆತ್ತಗೆ, ಮೂಲೆ ಬಂದಲ್ಲಿ ಸುತ್ತಿಕೊಳ್ಳುತ್ತದೆ, ಅಂಚನ್ನು ನೆಕ್ಕುತ್ತದೆ. ಒಮ್ಮೆಗೆ ಗೊತ್ತಾಗುವುದಿಲ್ಲ. ಎರಡು ಮೂರು ಸಲವಾದಾಗ ಕೊಂಬುಗಳು ಬಳಸಿ ಸವೆದ ಸಾಬೂನಾಗುತ್ತವೆ. ವಾಚು ಮಿರಿಮಿರಿ ಮಿಂಚುತ್ತದೆ, ಆದರೆ ಮುಖದ ಮೂಗು ಕಣ್ಣು ಅಳಿಸಿದಂತೆ.

ಅಂಚು ಎಂದರೇನೆಂದು ನೋಡಬೇಕಾದರೆ ಸ್ವಿಟ್ಜರ್ಲೆಂಡಿಗೆ ಹೋಗಬೇಕಿಲ್ಲ. ಗದಗ ಜಿಲ್ಲೆಯೊಳಗೇ ಲಕ್ಕುಂಡಿಯ ಕಾಶಿ ವಿಶ್ವನಾಥ ಗುಡಿಯಲ್ಲಿ, ಡಂಬಳದ ದೊಡ್ಡಬಸಪ್ಪನ ಗುಡಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಕಡೆದ ಕಂಬಗಳಿವೆ. ಕಂಬವನ್ನೇ ತಿರುಗಿಸುತ್ತ ಕಡೆದು, ಸುತ್ತಲೂ ಬಳೆಬಳೆಯಾಗಿ ಚೂಪು ಅಂಚು ತೆಗೆದು, ಮುಖ ಕಾಣುವಂತೆ ಹೊಳಪಿಸಿದ್ದಾರೆ. ಕಲ್ಲು ಗಡಸೇನಲ್ಲ, ಬಳಪದ ಜಾತಿಯ ಮೆತ್ತನೆ ಕಲ್ಲು. ಮೆತ್ತಗಿದ್ದುದರಿಂದಲೇ ಅಷ್ಟು ಸೂಕ್ಷ್ಮ ಕೆಲಸ ಸಾಧ್ಯವಾಯಿತು. ಹೊಳಪಿಗೆ ಗಡಸುತನ ಬೇಡ, ನಯ ಸಾಕು. ಅಂಥ ಕಂಬದ ಮೇಲೂ ಯಾವನೋ ಮೊಳೆಯಿಂದ ತನ್ನ ಹೆಸರು, ಅವಳ ಹೆಸರು, ನಡುವೆ ಒಂದು ಬಾಣ ಗೀಚಿ ಹೋಗಿರುತ್ತಾನೆ. ನೋಡಿದರೆ ಮೈ ಉರಿಯುತ್ತದೆ. ಹಾಗೆಂದು ಗ್ರೈಂಡರ್ ತಂದು ಕಂಬವನ್ನೇ ಉಜ್ಜಿಬಿಡೋಣ ಎಂದು ಯಾರೂ ಹೇಳುವುದಿಲ್ಲ. ಅದನ್ನು ಕಡೆದವನ ಕೈ ಎಲ್ಲಿಯವರೆಗೆ ಹೋಗಿತ್ತು ಎಂಬ ಗುರುತು ಅಳಿದುಹೋಗುತ್ತದೆ ಎಂದು ಎಲ್ಲರಿಗೂ ಗೊತ್ತು.

ವಾಚು ಸಂಗ್ರಹಿಸುವವರ ಲೋಕಕ್ಕೆ ಈ ಬುದ್ಧಿ ತಡವಾಗಿ ಬಂತು. ಈಗ ಹರಾಜಿನ ಪಟ್ಟಿಗಳಲ್ಲಿ ‘ಪಾಲಿಶ್ ಆಗಿಲ್ಲ’ ಎಂಬುದೇ ದೊಡ್ಡ ಹೊಗಳಿಕೆ, ಬೆಲೆಯೂ ಹಾಗೇ ಏರುತ್ತದೆ. 2017ರ ಅಕ್ಟೋಬರ್‌ನಲ್ಲಿ ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ರೋಲೆಕ್ಸ್ ಡೇಟೋನಾ ನ್ಯೂಯಾರ್ಕಿನ ಹರಾಜಿನಲ್ಲಿ 1 ಕೋಟಿ 77 ಲಕ್ಷ ಡಾಲರಿಗೂ ಮಿಕ್ಕಿ ಮಾರಾಟವಾಯಿತು. ದಿನವೂ ಬಳಸಿದ ವಾಚು ಅದು. ಇದನ್ನು ಓದಿ ಗೀರಿಗೇ ಬೆಲೆ ಬಂತೆಂದು ತಿಳಿಯಬಾರದು. ಬೆಲೆ ಬಂದದ್ದು ಯಾರ ಕೈಯಲ್ಲಿತ್ತು ಎನ್ನುವುದಕ್ಕೆ. ಗೀರೆಲ್ಲ ನೆನಪು, ಗೀರೆಲ್ಲ ಕತೆ ಎಂದು ಕವಿತ್ವ ಹೊಡೆಯುವವರ ಜೊತೆಗೂ ನನಗೆ ಹೊಂದುವುದಿಲ್ಲ. ಸಲಿಕೆ ತಾಗಿ ಅಪ್ಪನ ವಾಚಿಗೆ ಬಿದ್ದ ಗೀರನ್ನು ನೋಡಿ ಮಗ ಇಂದು ಕಣ್ಣು ಒದ್ದೆ ಮಾಡಿಕೊಳ್ಳಬಹುದು. ಅಂದು ಅಪ್ಪ ಅದಕ್ಕೆ ಒಳ್ಳೆಯ ಬೈಗುಳವನ್ನೇ ಬೈದಿರುತ್ತಾನೆ. ಗೀರನ್ನು ಪ್ರೀತಿಸಬೇಕೆಂದು ಕಾನೂನಿಲ್ಲ, ತಾಳಿಕೊಂಡರೆ ಸಾಕು.

ಈ ಬುದ್ಧಿ ಬರುವ ಹೊತ್ತಿಗೆ ಎಚ್‌ಎಂಟಿಗೆ ಬೇರೆಯೇ ಗತಿ ಕಾದಿತ್ತು. ಕಾರ್ಖಾನೆ ಮುಚ್ಚಿದ ಸುದ್ದಿಯಾದದ್ದೇ ಹಳೆಯ ವಾಚಿಗೆ ಬೇಡಿಕೆ ಏರಿತು. ಪೈಲಟ್ ಎಂದರೆ ಸಾಮಾನ್ಯವಾಗಿ ಕಪ್ಪು ಡಯಲು, ದಪ್ಪ ಅಂಕಿ. ಈಗ ಆನ್‌ಲೈನಿನಲ್ಲಿ ಗುಲಾಬಿ, ತೋತಾಪುರಿ ಹಸಿರು, ಕಿತ್ತಳೆ ಬಣ್ಣದ ಪೈಲಟ್‌ಗಳು ಸಿಗುತ್ತವೆ. ಹಳೆಯ ಡಯಲನ್ನು ಕೆರೆದು ಹೊಸ ಬಣ್ಣ ಬಳಿದು, ಹೆಸರು ಮತ್ತೆ ಅಚ್ಚು ಹಾಕಿ, ಕೇಸನ್ನು ಉಜ್ಜಿ ಮರುಲೇಪನ ಮಾಡಿದವು. ಗುರುತು ಹಿಡಿಯುವುದು ಕಷ್ಟವಲ್ಲ. ಅಕ್ಷರದ ಅಂಚು ದಪ್ಪಗೆ ಹರಡಿರುತ್ತದೆ, ನಿಮಿಷದ ಗೆರೆಗಳು ಮುಳ್ಳಿನ ತುದಿಗೆ ಹೊಂದುವುದಿಲ್ಲ, ಕೊಂಬಿನ ಮೂಲೆಗಳು ಗುಂಡಗಿರುತ್ತವೆ, ಹಿಂದಿನ ಮುಚ್ಚಳದ ಕೆತ್ತನೆ ಅರ್ಧ ಅಳಿಸಿರುತ್ತದೆ. ರೋಣದ ಮಾಸ್ತರರ ಕಪಾಟಿನಲ್ಲಿ ಹಿತ್ತಾಳೆ ಇಣುಕುತ್ತ ಬಿದ್ದಿರುವ ಜನತಾ, ಹೀಗೆ ಅಲಂಕಾರ ಮಾಡಿಸಿಕೊಂಡು ಬಂದದ್ದಕ್ಕಿಂತ ಸಾವಿರ ಪಾಲು ಸಾಚಾ. ಅದನ್ನು ‘ಹೊಸದು ಮಾಡಿಕೊಡ್ತೀವಿ’ ಎಂದು ಬಂದವರಿಗೆ ಕೊಡಬಾರದು.

ಬಂಗಾರದ ಬಣ್ಣದ ವಾಚಿಗೂ ಇದೇ ಎಚ್ಚರ. ಮದುವೆಗಳಲ್ಲಿ ಈಗ ಎಚ್‌ಎಂಟಿಯ ಜಾಗಕ್ಕೆ ಬಂದಿರುವುದು ಟೈಟನ್. 1984ರಲ್ಲಿ ಹುಟ್ಟಿದ ಕಂಪನಿ; ಕಚೇರಿ ಬೆಂಗಳೂರಲ್ಲಿ, ಕಾರ್ಖಾನೆ ಗಡಿಯಾಚೆಯ ಹೊಸೂರಿನಲ್ಲಿ. 2002ರಲ್ಲಿ ಇಡೀ ವಾಚನ್ನೇ 3.5 ಮಿಲಿಮೀಟರಿಗೆ ಇಳಿಸಿ ಎಡ್ಜ್ ತಂದವರು. ಯಾವ ಕಂಪನಿಯದೇ ಇರಲಿ, ಸ್ಟೀಲಿನ ಮೇಲೆ ಬಂಗಾರದ ಬಣ್ಣದ ಲೇಪನವಿದ್ದರೆ ಚಕ್ರ ಮುಟ್ಟಿಸುವಂತಿಲ್ಲ. ಗೀರು ತೆಗೆಯಲು ಹೋಗಿ ಬಣ್ಣವೇ ಹೋದರೆ, ತೊಡಿಸಿದ ಮಾವನವರ ಮುಂದೆ ನಿಲ್ಲುವುದು ಕಷ್ಟ.

ಸ್ಟೀಲಿನ ದುಬಾರಿ ವಾಚಿಗೆ ಮಾತ್ರ ಪಾಲಿಶ್ ಯಾವತ್ತೂ ಕೂಡದು ಎಂದು ನಾನು ಹಟ ಹಿಡಿಯಲಾರೆ. ಆಳದ ನೆಗ್ಗು ಬಿದ್ದರೆ ಅದೇ ಲೋಹವನ್ನು ಲೇಸರ್ ಬೆಸುಗೆಯಿಂದ ತುಂಬಿ, ಚಪ್ಪಟೆ ತಟ್ಟೆಯ ಮೇಲೆ ಅಂಚು ಮತ್ತೆ ಎಳೆಯುವ ಪರಿಣತರಿದ್ದಾರೆ. ಬ್ರಷ್ ಮಾಡಿದ ಚೈನಿನ ಕೊಂಡಿಗೆ ಗೆರೆಯ ದಿಕ್ಕಿನಲ್ಲೇ ನಯವಾದ ಉಜ್ಜುಹಾಳೆ ಎಳೆದುಕೊಳ್ಳುವುದು ಮನೆಯಲ್ಲೂ ಆಗುವ ಕೆಲಸ, ಕನ್ನಡಿ ಮುಖಕ್ಕೆ ಟೇಪು ಅಂಟಿಸಿಕೊಂಡರೆ. ದೊಡ್ಡ ಅಪಾಯ ಬರುವುದು ಗೊತ್ತಿಲ್ಲದೆ ಆಗುವ ಪಾಲಿಶ್‌ನಿಂದ. ಮಷಿನು ಸರ್ವಿಸಿಗೆಂದು ಬೆಂಗಳೂರಿಗೋ ಮುಂಬೈಗೋ ಕಳಿಸಿದ ವಾಚು ಅನೇಕ ಬ್ರ್ಯಾಂಡುಗಳಲ್ಲಿ ಕೇಸಿನ ಪಾಲಿಶನ್ನೂ ಮಾಡಿಸಿಕೊಂಡೇ ಬರುತ್ತದೆ. ಅದು ಪೂರ್ತಿ ಸರ್ವಿಸಿನ ಭಾಗ. ಬೇಡವಾದರೆ ಮೊದಲೇ ಹೇಳಬೇಕು. ಬಾಯಲ್ಲಲ್ಲ, ರಸೀದಿಯ ಮೇಲೆ ಬರೆಸಿಕೊಂಡು.

ಗಜೇಂದ್ರಗಡದ ಆ ಹುಡುಗನಿಗೆ ಚಾಚಾ ಇದನ್ನೇ ಹೇಳಿದರು. ಹುಡುಗ ಬುದ್ಧಿವಂತ, ಲೆಕ್ಕ ಕೇಳಿದ.

“ಪಾಲಿಶ್ ಬ್ಯಾಡ ಅಂದ್ರ ಸರ್ವಿಸಿನ ರೊಕ್ಕದಾಗ ಕಮ್ಮಿ ಮಾಡ್ತಾರೇನ್ರಿ ಚಾಚಾ?”

“ಏನೂ ಮಾಡಂಗಿಲ್ಲ. ಮಾಡಿದ್ರೂ ಅಷ್ಟ, ಬಿಟ್ರೂ ಅಷ್ಟ.”

“ಮಾಡದಿದ್ದ ಕೆಲಸಕ್ಕ ರೊಕ್ಕ?”

ಚಾಚಾ ಮಸೂರವನ್ನು ಹಣೆಗೆ ಏರಿಸಿ ನಕ್ಕರು. “ಅದಕ್ಕ ಅವ್ರದು ಕಂಪನಿ ಅಂತಾರ ತಮ್ಮಾ, ನಂದು ಪೆಟ್ಟಿಗಿ ಅಂತಾರ.”